ನಾಲ್ಕು ನಕ್ಷತ್ರ ಕೊಟ್ಟ ಸಿನಿಮಾ

ನಾನು ರಾಯಚೂರಿನ ಒಂದು ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತೇನೆ. ಜೊತೆಗೆ ಹಲವು ವರ್ಷಗಳಿಂದ ಇಲ್ಲಿನದೇ ಒಂದು ಸಣ್ಣ ಪತ್ರಿಕೆಗೆ ಭಾನುವಾರದ ಸಿನಿಮಾ ಅಂಕಣ ಬರೆಯುತ್ತ ಬಂದಿದ್ದೆ. ಶುಕ್ರವಾರ ಶಾಲೆ ಬಿಟ್ಟ ಮೇಲೆ ಹೊಸ ಚಿತ್ರ ನೋಡುವುದು, ಶನಿವಾರ ಮಧ್ಯಾಹ್ನದೊಳಗೆ ಬರೆದು ಕಳಿಸುವುದು, ಕೊನೆಯ ಸಾಲಿನಲ್ಲಿ ಐದಕ್ಕೆ ಎಷ್ಟು ನಕ್ಷತ್ರ ಎಂದು ಹೇಳುವುದು. ಈ ಕೆಲಸ ನನಗೆ ಹಿಡಿಸಿತ್ತು. ಬೇರೆಯವರು ಕಟ್ಟಿದ ಬದುಕಿಗೆ ಕೂತಲ್ಲೇ ಅಂಕ ಹಾಕುವುದರಲ್ಲಿ ಒಂದು ಸುಖವಿದೆ. ಉತ್ತರಪತ್ರಿಕೆ ತಿದ್ದುವಾಗ ಆ ಸುಖ ಸಿಗುವುದಿಲ್ಲ, ಅಲ್ಲಿ ಮಕ್ಕಳ ಹಣೆಬರಹ ಎದುರಿಗೇ ಇರುತ್ತದೆ.

ಕಳೆದ ವರ್ಷ ದಸರಾ ರಜೆ ಮುಗಿದ ವಾರ ಸಂಪಾದಕರು ಫೋನ್ ಮಾಡಿದರು.

"ಮೇಡಂ, ಈ ಶುಕ್ರವಾರದ್ದು ನಮ್ಮ ಜಿಲ್ಲಾದ ಹುಡುಗ ಮಾಡಿದ್ದರಿ. ದೇವದುರ್ಗದಾಂವ. ಸಾಲಿ ಹುಡುಗರ ಕತಿಯಂತ. ಸ್ವಲ್ಪ ಛಲೋನೇ ಬರೀರಿ."

ನಿರ್ದೇಶಕನ ಹೆಸರು ಕೇಳಿ ನನಗೆ ನಗು ಬಂತು. ಆ 'ಹುಡುಗ'ನಿಗೆ ನನ್ನಷ್ಟೇ ವಯಸ್ಸು, ನಲವತ್ತೆರಡು. ದೇವದುರ್ಗದ ಹೈಸ್ಕೂಲಿನಲ್ಲಿ ಹತ್ತನೆಯ ತರಗತಿಯವರೆಗೆ ನಾವು ಒಂದೇ ಕೋಣೆಯಲ್ಲಿ ಕೂತು ಓದಿದವರು. ಅವನು ಕಿಟಕಿ ಪಕ್ಕದ ಬೆಂಚಿನಲ್ಲಿ ಕೂತು ಪಾಠದ ಪುಸ್ತಕದ ಅಂಚಿನಲ್ಲೆಲ್ಲ ಚಿತ್ರ ಬಿಡಿಸುತ್ತಿದ್ದ.

ಸ್ಟೇಷನ್ ರಸ್ತೆಯ ಹತ್ತಿರದ ಥಿಯೇಟರಿನಲ್ಲಿ ಆ ಶುಕ್ರವಾರ ಸಂಜೆ ಎಂದಿಲ್ಲದಷ್ಟು ಜನ. ನನ್ನ ವಯಸ್ಸಿನವರೇ ಹೆಚ್ಚು. ಹೆಂಡತಿ ಮಕ್ಕಳನ್ನು ಕರೆದುಕೊಂಡು, ತಮ್ಮ ಬಾಲ್ಯ ತೋರಿಸಲು ಬಂದವರ ಹಾಗೆ ಬಂದಿದ್ದರು.

ಚಿತ್ರ ಚೆನ್ನಾಗಿತ್ತು. ಇದನ್ನು ಮೊದಲೇ ಹೇಳಿಬಿಡಬೇಕು, ಯಾಕೆಂದರೆ ಕೆಟ್ಟ ಚಿತ್ರವಾಗಿದ್ದರೆ ಮುಂದೆ ಆದದ್ದು ಆಗುತ್ತಿರಲಿಲ್ಲ. ಒಂದು ಸಣ್ಣ ಊರು, ನಾಲ್ಕು ಜನ ಹುಡುಗರು, ಇಬ್ಬರು ಹುಡುಗಿಯರು, ಹತ್ತನೆಯ ತರಗತಿಯ ಒಂದು ವರ್ಷ. ನಮ್ಮ ಕಡೆಯ ಬೆಳಕನ್ನು ಅವನು ಹಿಡಿದ ಹಾಗೆ ಯಾರೂ ಹಿಡಿದಿರಲಿಲ್ಲ. ಹತ್ತಿ ಬಿಡಿಸಿದ ಹೊಲದ ಮೇಲೆ ಸಂಜೆ ಕವಿಯುವ ಕೆಂಪು ಧೂಳು, ಬಾಡಿಗೆ ಸೈಕಲ್ಲಿನ ಕಿರಗುಟ್ಟುವ ಸದ್ದು, ಪ್ರಾರ್ಥನೆಗೆ ನಿಂತ ಮಕ್ಕಳ ತಲೆಯಿಂದ ಬರುವ ಕೊಬ್ಬರಿ ಎಣ್ಣೆಯ ವಾಸನೆ ಕೂಡ ಪರದೆಯಿಂದ ಬಂದಂತೆ ಅನ್ನಿಸಿತು. ಹುಡುಗರು ನಟಿಸಿದ್ದಾರೆ ಎಂದು ಎಲ್ಲೂ ಅನ್ನಿಸಲಿಲ್ಲ. ಅವರು ಮಿರ್ಚಿ ತಿಂದು ಬಾಯಿ ಸುಟ್ಟುಕೊಂಡಾಗ ಥಿಯೇಟರಿಗೆ ಥಿಯೇಟರೇ ನಕ್ಕಿತು.

ನಡುವೆ ಒಂದು ದೃಶ್ಯವಿದೆ. ಒಬ್ಬ ಹುಡುಗ ಪ್ರಾರ್ಥನೆ ಹಾಡುವ ಹುಡುಗಿಗೆ ಚೀಟಿ ಬರೆಯುತ್ತಾನೆ. ಹೆಡ್ ಮಾಸ್ತರರು ಎಲ್ಲರ ಚೀಲ ತಪಾಸಣೆ ಮಾಡುವಾಗ ಅದು ಸಿಕ್ಕಿಬೀಳುತ್ತದೆ. ಮಾಸ್ತರರು ಕನ್ನಡಕ ಏರಿಸಿ ಓದುತ್ತಾರೆ, ಜೇಬಿನಿಂದ ಕೆಂಪು ಪೆನ್ನು ತೆಗೆದು ಎರಡು ಕಡೆ ತಪ್ಪಿದ ಒತ್ತಕ್ಷರ ತಿದ್ದಿ, ಮುಗುಳ್ನಕ್ಕು ಚೀಟಿಯನ್ನು ಹುಡುಗಿಯ ಕೈಗೇ ಕೊಡುತ್ತಾರೆ. ತರಗತಿ ಚಪ್ಪಾಳೆ ಹೊಡೆಯುತ್ತದೆ. ಕೊನೆಯಲ್ಲಿ ಪರೀಕ್ಷೆ ಮುಗಿದು ಆ ಹುಡುಗಿ ಕೆಂಪು ಬಸ್ಸು ಹತ್ತಿ ಹೋಗುತ್ತಾಳೆ. ಕಿಟಕಿಯಿಂದ ಕೈ ಬೀಸುತ್ತಾಳೆ, ಕೂದಲು ಹಾರುತ್ತಿರುತ್ತದೆ, ಮುಖದ ತುಂಬ ನಗು. ದೊಡ್ಡವನಾದ ಹುಡುಗ ಅದನ್ನು ನೆನೆದು ಖಾಲಿ ಬಸ್ ಸ್ಟ್ಯಾಂಡಿನಲ್ಲಿ ನಿಂತಿರುತ್ತಾನೆ.

ಜನ ಕಣ್ಣೊರೆಸಿಕೊಂಡರು. ನಾನೂ ಅತ್ತೆ. ಹೊರಗೆ ಬಂದು ಆಟೋ ಹತ್ತಿದ ಮೇಲೆ ಆ ಅಳುವಿಗೇ ನಾಚಿಕೆಯಾಯಿತು. ಯಾಕೆಂದರೆ ಆ ಚೀಲದ ತಪಾಸಣೆ ನಿಜವಾಗಿ ಆದಾಗ ನಾನು ಆ ಕೋಣೆಯಲ್ಲಿದ್ದೆ. ಚೀಟಿ ಸಿಕ್ಕದ್ದು ನನ್ನ ಚೀಲದಲ್ಲಿ.

ನಮ್ಮ ಶಾಲೆಯಲ್ಲಿ ಬೆಳಗಿನ ಪ್ರಾರ್ಥನೆ ಹಾಡುತ್ತಿದ್ದವರು ನಾವಿಬ್ಬರು. ನಾನು, ಮತ್ತು ನನ್ನ ಗೆಳತಿ. ಅವಳ ಹೆಸರು ಇಲ್ಲಿ ಬೇಡ. ನನ್ನ ಅಪ್ಪ ಊರಲ್ಲಿ ಅಕ್ಕಿ ಗಿರಣಿ ಇಟ್ಟಿದ್ದವರು. ಅವಳ ಅಪ್ಪ ಅವ್ವ ಇಬ್ಬರೂ ಹೊಲಗಳಿಗೆ ಕೂಲಿಗೆ ಹೋಗುವವರು. ಅವಳಿಗೆ ಕಂಠವಿತ್ತು. ನಾನು ಅವಳ ದನಿಗೆ ದನಿ ಸೇರಿಸುತ್ತಿದ್ದೆ, ಅಷ್ಟೆ. ಲೆಕ್ಕದಲ್ಲೂ ಅವಳೇ ಮುಂದೆ. ಅವಳು ಟೀಚರ್ ಆಗುತ್ತಾಳೆ ಎಂದು ಮಾಸ್ತರರೆಲ್ಲ ಹೇಳುತ್ತಿದ್ದರು. ನಾನು ಏನಾಗುತ್ತೇನೆ ಎಂದು ಯಾರೂ ಹೇಳಿರಲಿಲ್ಲ.

ಪರೀಕ್ಷೆಗೆ ಎರಡು ತಿಂಗಳಿದ್ದಾಗ ಒಂದು ದಿನ ನೀರಿನ ನಳದ ಹತ್ತಿರ ಆ ಹುಡುಗ, ಈಗಿನ ನಿರ್ದೇಶಕ, ನನ್ನ ಕೈಯಲ್ಲಿ ಒಂದು ಮಡಚಿದ ಕಾಗದ ತುರುಕಿ ಓಡಿಹೋದ. "ತಗೋ" ಎಂದದ್ದು ಮಾತ್ರ ನನಗೆ ಕೇಳಿಸಿತು. ಮೇಲೆ ಹೆಸರಿಲ್ಲ, ಕೆಳಗೆ ಸಹಿ ಇಲ್ಲ. ನಿನ್ನ ಪ್ರಾರ್ಥನೆ ಕೇಳಿದರೆ ಇಡೀ ದಿನ ಶಾಲೆ ಒಳ್ಳೆಯದು ಅನ್ನಿಸುತ್ತದೆ ಎಂದು ಐದು ಸಾಲು. ನನ್ನ ಜೀವನದಲ್ಲಿ ಅಂಥ ಐದು ಸಾಲು ಯಾರೂ ಬರೆದಿರಲಿಲ್ಲ, ಆಮೇಲೂ ಬರೆಯಲಿಲ್ಲ. ಯಾರಿಗೂ ಹೇಳದೆ ಅದನ್ನು ವ್ಯಾಕರಣ ಪುಸ್ತಕದಲ್ಲಿ ಇಟ್ಟುಕೊಂಡೆ. ಪುಸ್ತಕ ಗೆಳತಿಯದು. ಓದಲು ಇಸಿದುಕೊಂಡಿದ್ದೆ, ಮೊದಲ ಪುಟದಲ್ಲಿ ಅವಳ ಹೆಸರಿತ್ತು.

ತಪಾಸಣೆಯ ದಿನ ಹೆಡ್ ಮಾಸ್ತರರು ಪುಸ್ತಕ ಜಾಡಿಸಿದಾಗ ಕಾಗದ ಬಿತ್ತು. ಅವರು ಓದಿದರು. ಕೆಂಪು ಪೆನ್ನು ತೆಗೆಯಲಿಲ್ಲ.

"ಏನಿದು?" ಎಂದು ನನ್ನನ್ನು ಕೇಳಿದರು.

ನಾನು ಹೇಳಿದೆ, "ಪುಸ್ತಕ ನಂದಲ್ರಿ ಸರ್. ಅಕಿದು."

ಅಷ್ಟೇ ಹೇಳಿದ್ದು. ಚೀಟಿ ಅವಳದು ಎಂದು ನಾನು ಹೇಳಲಿಲ್ಲ. ಇಪ್ಪತ್ತಾರು ವರ್ಷ ನಾನು ಈ ವ್ಯತ್ಯಾಸ ಹಿಡಿದುಕೊಂಡೇ ಬದುಕಿದೆ. ಅವರು ಅವಳ ಕಡೆ ತಿರುಗಿ "ನಿಂದೇನು?" ಎಂದರು. ಅವಳು ಒಮ್ಮೆ ನನ್ನ ಮುಖ ನೋಡಿದಳು. ಆಮೇಲೆ ತಲೆ ತಗ್ಗಿಸಿ ನಿಂತಳು. ಇಲ್ಲ ಎನ್ನಲಿಲ್ಲ.

ಮಧ್ಯಾಹ್ನ ಅವಳ ಅಪ್ಪನನ್ನು ಹೊಲದಿಂದ ಕರೆಸಿದರು. ಕಾಲಿಗೆ ಮೆತ್ತಿದ ಎರೆಮಣ್ಣು ಒಣಗಿರಲಿಲ್ಲ. ಟವೆಲ್ ಕೈಯಲ್ಲಿ ಹಿಡಿದು ವರಾಂಡದಲ್ಲಿ ನಿಂತು ಕೇಳಿಸಿಕೊಂಡ. ಅವನಿಗೆ ಓದಲು ಬರುತ್ತಿರಲಿಲ್ಲ, ಆದ್ದರಿಂದ ಮಾಸ್ತರರು ಐದೂ ಸಾಲು ಗಟ್ಟಿಯಾಗಿ ಓದಿ ಹೇಳಿದರು. ಅವನು ಮಗಳಿಗೆ ಹೊಡೆಯಲಿಲ್ಲ, ಬೈಯಲಿಲ್ಲ. "ನಡಿಯವ್ವ" ಎಂದ. ಅವಳು ಚೀಲ ಹೆಗಲಿಗೆ ಹಾಕಿಕೊಂಡು ಅವನ ಹಿಂದೆ ನಡೆದು ಹೋದಳು. ಮರುದಿನ ಬರಲಿಲ್ಲ. ಪರೀಕ್ಷೆಗೂ ಬರಲಿಲ್ಲ. ಪರೀಕ್ಷೆ ಮುಗಿಯುವುದರೊಳಗೆ ಮಾನ್ವಿ ತಾಲ್ಲೂಕಿನ ಬಾಗಲವಾಡಕ್ಕೆ ಕೊಟ್ಟು ಮದುವೆ ಮಾಡಿದರಂತೆ. ನಾನು ಫಸ್ಟ್ ಕ್ಲಾಸಿನಲ್ಲಿ ಪಾಸಾಗಿ ರಾಯಚೂರಿಗೆ ಕಾಲೇಜಿಗೆ ಬಂದೆ. ಟೀಚರ್ ಆದದ್ದು ನಾನು.

ಒಮ್ಮೆ, ಬಹಳ ವರ್ಷಗಳ ಹಿಂದೆ, ಅವಳನ್ನು ಮಾನ್ವಿ ಬಸ್ ಸ್ಟ್ಯಾಂಡಿನಲ್ಲಿ ಕಂಡೆ. ಕಂಕುಳಲ್ಲಿ ಕೂಸಿತ್ತು. ನಾನು ಕೈಯಲ್ಲಿದ್ದ ಪತ್ರಿಕೆಯನ್ನು ಮುಖಕ್ಕೆ ಅಡ್ಡ ಹಿಡಿದು, ಅವಳ ಬಸ್ಸು ಹೋಗುವವರೆಗೆ ಇಳಿಸಲಿಲ್ಲ.

ಶನಿವಾರ ಬೆಳಿಗ್ಗೆ ಬರೆಯಲು ಕೂತೆ. ನಾನು ನಿಜವಾಗಿ ಬರೆಯಬೇಕೆಂದಿದ್ದ ಮಾತು ಒಂದೇ. ಈ ಚಿತ್ರದಲ್ಲಿ ಹುಡುಗರಿಗೆಲ್ಲ ಮನೆಯಿದೆ. ರೊಟ್ಟಿ ಬಡಿಯುವ ಅವ್ವ ಇದ್ದಾಳೆ, ರೇಡಿಯೊ ತಿರುವುವ ಅಪ್ಪ ಇದ್ದಾನೆ. ಹುಡುಗಿಯರಿಗೆ ಮನೆಯೇ ಇಲ್ಲ. ಅವರು ಎಲ್ಲಿಂದಲೋ ನಡೆದು ಬರುತ್ತಾರೆ, ಎಲ್ಲಿಗೋ ನಡೆದು ಹೋಗುತ್ತಾರೆ. ಶಾಲೆಯ ಗೇಟು ದಾಟಿದ ಮೇಲೆ ಅವರಿಗೆ ಏನಾಗುತ್ತದೆ ಎಂದು ಕ್ಯಾಮೆರಾ ಕೇಳುವುದಿಲ್ಲ. ಹರೆಯ ಸುಂದರವಾಗಿತ್ತು ಎಂದು ನಂಬಬೇಕಾದರೆ ಆ ಗೇಟಿನಲ್ಲೇ ನಿಂತುಬಿಡಬೇಕು. ಇಷ್ಟು ಬರೆದು ಓದಿಕೊಂಡೆ. ಓದಿದವರು, ಆ ಗೇಟಿನ ಆಚೆ ಏನಾಯಿತು ನಿಮಗೆ ಹೇಗೆ ಗೊತ್ತು ಎಂದು ಕೇಳಿದರೆ? ಅಳಿಸಿದೆ. ಬೆಳಕನ್ನು ಹೊಗಳಿದೆ, ನಟನೆಯನ್ನು ಹೊಗಳಿದೆ, ಚೀಟಿಯ ದೃಶ್ಯವನ್ನು 'ನಮ್ಮೆಲ್ಲರ ಮುಗ್ಧತೆಯ ಕನ್ನಡಿ' ಎಂದೆ. ನಾಲ್ಕು ನಕ್ಷತ್ರ ಕೊಟ್ಟೆ. ಮುಂದಿನ ವಾರ ಆ ಕನ್ನಡಿಯ ಮಾತು ನನ್ನ ಹೆಸರಿನ ಸಮೇತ ರಾಯಚೂರಿನ ಗೋಡೆಗಳ ಮೇಲೆ ಪೋಸ್ಟರಾಗಿ ಬಂತು. ಶಾಲೆಗೆ ಹೋಗುವ ದಾರಿಯಲ್ಲಿ ಮೂರು ಕಡೆ ಅದನ್ನು ದಾಟಿ ಹೋಗಬೇಕಿತ್ತು.

ನಿರ್ದೇಶಕ ಫೋನ್ ಮಾಡಿದ. ನನ್ನ ನಂಬರನ್ನು ಸಂಪಾದಕರಿಂದ ಪಡೆದಿದ್ದ.

"ಗುರುತು ಹತ್ತೇತಿಲ್ಲೋ? ಎಷ್ಟು ಛಂದ ಬರ್ದೀ! ಓದಿ ನನಗ ಅಳು ಬಂತು ನೋಡು."

ಊರಿನ ಮಾತು, ಮಾಸ್ತರರ ಮಾತು ಎಲ್ಲ ಆಯಿತು. ಆಮೇಲೆ ಅವನೇ ತೆಗೆದ.

"ಚೀಟಿ ಸೀನ್ ನೋಡಿ ನಿನಗ ನೆನಪಾಗಿರಬೇಕಲ್ಲ? ಅಕಿಗೆ ಕೊಡು ಅಂತ ನಿನ್ನ ಕೈಯಾಗ ಕೊಟ್ರ, ನೀ ಪುಸ್ತಕದಾಗ ಇಟ್ಕೊಂಡು ಕುಂತಿ! ನೀ ಜಲ್ದಿ ಮುಟ್ಟಿಸಿದ್ರ ಸಿಕ್ಕೇ ಬೀಳ್ತಿರಲಿಲ್ಲ ಅದು."

"ಯಾರಿಗೆ ಕೊಡು ಅಂದಿದ್ದಿ?"

"ಅಕಿಗೇ. ಪ್ರಾರ್ಥನಾ ಹಾಡ್ತಿದ್ದಳಲ್ಲ. ಮತ್ಯಾರಿಗೆ?"

ನಾನೂ ಹಾಡುತ್ತಿದ್ದೆ. ಇಪ್ಪತ್ತಾರು ವರ್ಷವಾದ ಮೇಲೂ, ಇಷ್ಟೆಲ್ಲ ಆದ ಮೇಲೂ, ಮೊದಲು ನೋವಾದದ್ದು ಅದಕ್ಕೇ. ಆ ಐದು ಸಾಲು ನನಗೆ ಬರೆದದ್ದಲ್ಲ. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೆ ಆದದ್ದು ಹಾಗೆ.

"ಕೊನಿಗೆ ಅಕಿ ನಕ್ಕೋತ ಬಸ್ ಹತ್ತತಾಳಲ್ಲ," ಎಂದು ಕೇಳಿದೆ, "ಹಂಗ ಯಾಕ ಮಾಡಿದಿ?"

"ಖರೇ ಹೇಳಬೇಕಂದ್ರ ಅಕಿ ಏನಾದಳು ನನಗ ಗೊತ್ತಿಲ್ಲ. ಮರುದಿನ ಬರಲಿಲ್ಲ. ಕೇಳಿದ್ರ ಊರಿಗೆ ಹೋದಳಂದ್ರು. ಊರಿಗೆ ಹೋದಳಂದ್ರ ಬಸ್ಸಿನಾಗ ಹೋಗಿರ್ತಾಳಂತ ಅನ್ಕೊಂಡೆ. ಅಕಿ ಅಳೂದು ನಾ ನೋಡಿಲ್ಲ. ಹಾಡೂದು ನೋಡೀನಿ, ನಗೂದು ನೋಡೀನಿ." ಆಮೇಲೆ ಮೆಲ್ಲಗೆ ಕೇಳಿದ, "ಯಾಕ? ಛಲೋ ಅದಾಳಿಲ್ಲೋ?"

"ಅದಾಳ," ಎಂದೆ. ನನಗೆ ಗೊತ್ತಿರಲಿಲ್ಲ.

ಆ ವಾರವಿಡೀ ನನ್ನೊಳಗೆ ಒಂದು ಹಗುರವಾದ, ನೀಚವಾದ ಸಮಾಧಾನ ಬೆಳೆಯಿತು. ಚೀಟಿ ಅವಳದೇ ಆಗಿತ್ತು. ಹಾಗಾದರೆ ನಾನು ಸುಳ್ಳು ಹೇಳಿರಲಿಲ್ಲ. ಇದನ್ನು ಅವಳಿಗೆ ಹೇಳಿಬಿಟ್ಟರೆ ನನ್ನ ಎದೆಯ ಮೇಲಿನ ಕಲ್ಲು ಇಳಿಯುತ್ತದೆ ಅನ್ನಿಸಿತು. ಅವಳಿಗೂ ಖುಷಿಯಾಗಬಹುದು, ಯಾರೋ ಒಬ್ಬ ಅವಳ ದನಿಯನ್ನು ಇಷ್ಟು ವರ್ಷ ನೆನಪಿಟ್ಟು ಸಿನಿಮಾ ಮಾಡಿದ್ದಾನೆ ಎಂದು. ಹೀಗೆಲ್ಲ ನನಗೆ ನಾನೇ ಹೇಳಿಕೊಂಡೆ.

ಶನಿವಾರ ಬೆಳಗಿನ ಶಾಲೆ ಮುಗಿಸಿ ಬಸ್ಸು ಹತ್ತಿದೆ. ಕಲ್ಮಲ ದಾಟಿದ ಮೇಲೆ ಹತ್ತಿ ಹೊಲಗಳು, ಮಾನ್ವಿ ಹತ್ತಿರವಾದಂತೆ ಕಾಲುವೆ ನೀರಿನ ಭತ್ತದ ಗದ್ದೆಗಳು. ಮಾನ್ವಿಯಲ್ಲಿ ಇಳಿದು ಇನ್ನೊಂದು ಬಸ್ಸು ಹಿಡಿದು ಬಾಗಲವಾಡಕ್ಕೆ ಹೋಗಿ ವಿಚಾರಿಸಿದೆ. ಅವಳು ಸಿಕ್ಕದ್ದು ಊರಿನ ಸರ್ಕಾರಿ ಶಾಲೆಯಲ್ಲಿ. ಹನ್ನೆರಡು ವರ್ಷದಿಂದ ಅಲ್ಲಿ ಬಿಸಿಯೂಟದ ಅಡುಗೆ ಅವಳದೇ. ಮಕ್ಕಳೆಲ್ಲ ಮನೆಗೆ ಹೋಗಿದ್ದರು. ಅವಳು ಅಂಗಳದಲ್ಲಿ ಕುಕ್ಕರುಗಾಲಲ್ಲಿ ಕೂತು ದೊಡ್ಡ ಪಾತ್ರೆ ತಿಕ್ಕುತ್ತಿದ್ದಳು.

ತಲೆ ಎತ್ತಿ ನೋಡಿದಳು. ಒಂದು ಗಳಿಗೆ ಅಷ್ಟೇ.

"ಯವ್ವಾ! ನೀನೇನ ಬೇ?" ಎಂದು ಬೂದಿಗೈಯಲ್ಲೇ ಬಂದು ತಬ್ಬಿಕೊಂಡಳು. "ನೋಡ್ರಿ ಟೀಚರ, ನಾ ಹೇಳ್ತಿರಲಿಲ್ಲೇನ್ರಿ, ರಾಯಚೂರಾಗ ಟೀಚರ್ ಆಗ್ಯಾಳಂತ? ಇಕಿನೇ ನೋಡ್ರಿ!" ಎಂದು ವರಾಂಡದಲ್ಲಿ ಕೂತಿದ್ದ ಟೀಚರನ್ನು ಕೂಗಿದಳು.

ಅವಳ ಹಲ್ಲು ಎರಡು ಹೋಗಿದ್ದವು. ದನಿ ಮಾತ್ರ ಹಾಗೇ ಇತ್ತು. ಮನೆಗೆ ಕರೆದುಕೊಂಡು ಹೋಗಿ ಚಹಾ ಕೊಟ್ಟಳು. ಗಂಡ ಶಕ್ತಿನಗರದಲ್ಲಿ ಗುತ್ತಿಗೆ ಕೆಲಸಕ್ಕೆ ಹೋಗಿ ಹದಿನೈದು ದಿನಕ್ಕೊಮ್ಮೆ ಬರುವವನು. ಒಬ್ಬಳೇ ಮಗಳು, ಮಾನ್ವಿಯಲ್ಲಿ ಎರಡನೇ ಪಿಯುಸಿ ಓದುತ್ತಿದ್ದಳು. ಕಂಕುಳಲ್ಲಿದ್ದ ಆ ಕೂಸಿನ ಬಗ್ಗೆ ನಾನು ಕೇಳಲಿಲ್ಲ, ಅವಳೂ ಹೇಳಲಿಲ್ಲ. ಮಗಳ ವಯಸ್ಸಿಗೆ ಅದು ಹೊಂದುತ್ತಿರಲಿಲ್ಲ.

"ನಮ್ಮ ಸಾಲಿ ಮ್ಯಾಲ ಸಿನಿಮಾ ಬಂದದ," ಎಂದೆ. "ಮಾನ್ವಿಯಾಗ ನಡದದ. ನಾಳಿ ಮಧ್ಯಾಹ್ನ ಹೋಗೂಣ ಬಾ."

ಅವಳು ಮಗುವಿನ ಹಾಗೆ ಹಿಗ್ಗಿದಳು. ನಾನು ಮಾನ್ವಿಯಲ್ಲಿ ಒಬ್ಬ ಸಹೋದ್ಯೋಗಿಯ ಮನೆಯಲ್ಲಿ ಉಳಿದುಕೊಂಡೆ. ಭಾನುವಾರ ಮಧ್ಯಾಹ್ನ ಥಿಯೇಟರಿನ ಮುಂದೆ ಅವಳು ಹಸಿರು ಇಳಕಲ್ ಸೀರೆ ಉಟ್ಟು ಮಗಳ ಜೊತೆ ಬಂದಳು. ಟಿಕೆಟ್ಟಿನ ಸಾಲಿನಲ್ಲಿ ನಿಂತಾಗ ಮಗಳು ನನ್ನ ಪಕ್ಕಕ್ಕೆ ಬಂದು ಹೇಳಿದಳು:

"ನಿಮ್ಮ ಕತಿ ನನಗ ಗೊತ್ತದರಿ. ನಿಮಗ ಯಾರೋ ಚೀಟಿ ಬರ್ದಿದ್ರಂತ, ಅದು ಸಿಕ್ಕಾಗ ಅವ್ವ ತನ್ನ ಮ್ಯಾಲ ಹಾಕ್ಕೊಂಡಳಂತ. ನಾ ಓದೂದು ಬಿಟ್ಟು ಆಟ ಆಡಿದ್ರ ಅದನ್ನೇ ಹೇಳ್ತಾಳರಿ. ನಾ ಒಬ್ಬಾಕಿನ್ನ ಟೀಚರ್ ಮಾಡೀನಿ, ಇನ್ನ ನಿನ್ನೂ ಮಾಡ್ತೀನಿ ಅಂತಾಳ."

ಅವಳ ದನಿಯಲ್ಲಿ ಆಕ್ಷೇಪವಿರಲಿಲ್ಲ. ಹೆಮ್ಮೆಯಿತ್ತು. ಆಗಲೇ ನನಗೆ ಅರ್ಥವಾಗಬೇಕಿತ್ತು. ಅರ್ಥವಾಯಿತು ಕೂಡ. ಗೆಳತಿಗೆ ಎಲ್ಲವೂ ಗೊತ್ತಿತ್ತು. ನನ್ನ ಹೇಡಿತನ ಗೊತ್ತಿತ್ತು. ಆ ದಿನ ಅವಳು ತಿಳಿದೇ ತಲೆ ತಗ್ಗಿಸಿದ್ದಳು. ಅಲ್ಲಿಗೆ ನಾನು ಬಾಯಿ ಮುಚ್ಚಿಕೊಂಡು ಸಿನಿಮಾ ತೋರಿಸಿ ಮನೆಗೆ ಕಳಿಸಿದ್ದರೆ ಸಾಕಿತ್ತು.

ಎರಡನೇ ಸಲ ಆ ಚಿತ್ರವನ್ನು ನಾನು ನೋಡಲಿಲ್ಲ, ಅವಳನ್ನು ನೋಡಿದೆ. ಅವಳು ಎಲ್ಲರೂ ನಗುವಲ್ಲಿ ನಕ್ಕಳು. ಪ್ರಾರ್ಥನೆ ಬಂದಾಗ ತುಟಿ ಆಡಿಸಿದಳು. ಮಾಸ್ತರರು ಒತ್ತಕ್ಷರ ತಿದ್ದಿದಾಗ ನನ್ನ ತೊಡೆ ತಟ್ಟಿ, "ಹಿಂಗ ಆಗಿದ್ರ ಎಷ್ಟು ಛಲೋ ಇತ್ತ ಬೇ," ಎಂದಳು. ಬಸ್ಸಿನ ದೃಶ್ಯದಲ್ಲಿ ಮಗಳು ಅತ್ತಳು, ಅವಳು ಅಳಲಿಲ್ಲ. "ಆ ಹುಡುಗಿ ಎಲ್ಲಿಗೆ ಹೋದಳು?" ಎಂದು ನನ್ನನ್ನು ಕೇಳಿದಳು. "ಅದನ್ನ ತೋರಸಲೇ ಇಲ್ಲಲ್ಲ." ಇಷ್ಟು ವರ್ಷ ಸಿನಿಮಾ ಬರೆದ ನನಗಿಂತ ಅವಳು ಒಂದೇ ಮಾತಿನಲ್ಲಿ ಆ ಚಿತ್ರವನ್ನು ಅಳೆದುಬಿಟ್ಟಿದ್ದಳು.

ಬಸ್ ಸ್ಟ್ಯಾಂಡಿನ ಎದುರಿನ ಹೋಟೆಲಿನಲ್ಲಿ ಕೂತೆವು. ಮಗಳು ಕೈ ತೊಳೆಯಲು ಹೋದಳು. ನಾನು ಹೇಳಿದೆ.

"ಅವತ್ತ ನಾ ನಿನ್ನ ಹೆಸರು ಹೇಳಬಾರದಿತ್ತು."

"ಇರಲಿ ಬಿಡು. ಎಂದಿನ ಮಾತು!" ಎಂದಳು. "ನಿಮ್ಮಪ್ಪ ನಿನ್ನ ಕೊಂದೇ ಹಾಕ್ತಿದ್ದ. ನಮ್ಮಪ್ಪ ನನ್ನ ಮ್ಯಾಲ ಕೈ ಎತ್ತಿದವನಲ್ಲ. ಮನಿಗೆ ಹೋಗಿ ಖರೇ ಹೇಳಿದ್ರಾತು ಅಂತ ಸುಮ್ಮನ ನಿಂತೆ. ಹೇಳಿದೆ. ಅಂವ ನಂಬಲಿಲ್ಲ, ಅಷ್ಟ. ಆದ್ರೂ ನೀ ಓದಿದಿಯಲ್ಲ."

ಅಲ್ಲಿಗಾದರೂ ನಿಲ್ಲಿಸಬೇಕಿತ್ತು. ನನ್ನ ನಾಲಿಗೆ ನಿಲ್ಲಲಿಲ್ಲ. ಕ್ಷಮೆ ಸಿಕ್ಕರೂ ಸಾಲದು, ತಪ್ಪೇ ಮಾಡಿರಲಿಲ್ಲ ಎಂದು ಅವಳ ಬಾಯಿಂದ ಕೇಳಬೇಕಿತ್ತು ನನಗೆ.

"ಇಲ್ಲ, ಕೇಳಿಲ್ಲಿ. ಅದು ನನಗ ಬರ್ದಿದ್ದಲ್ಲ. ಬರ್ದಾಂವನೇ ಈ ಸಿನಿಮಾ ಮಾಡಿದಾಂವ. ಮೊನ್ನಿ ಫೋನ್ ಮಾಡಿ ಹೇಳಿದ. ನಿನಗಂತ ಬರ್ದಿದ್ದನಂತ. ನನ್ನ ಕೈಯಾಗ ಕೊಟ್ಟಿದ್ದ, ನಾ ನಂದಂತ ತಿಳಕೊಂಡಿದ್ದೆ. ಚೀಟಿ ನಿಂದೇ ಆಗಿತ್ತು."

ಅವಳು ಚಹಾದ ಬಟ್ಟಲನ್ನು ಕೆಳಗಿಟ್ಟಳು. ಅವಳ ಮುಖದಲ್ಲಿ ಖುಷಿ ಬರುತ್ತದೆಯೇ ಎಂದು ನಾನು ಕಾದೆ. ಬರಲಿಲ್ಲ. ಸಿಟ್ಟೂ ಬರಲಿಲ್ಲ.

"ಹಂಗಾದ್ರ ನಾ ನಿನ್ನ ಉಳಸಲಿಲ್ಲ," ಎಂದಳು.

"ಅದು ಹಂಗಲ್ಲ..."

"ಹಂಗ. ನಂದು ಚೀಟಿ, ನನಗ ಶಿಕ್ಷಾ ಆತು. ಅದ್ರಾಗೇನದ?" ದನಿ ಏರಿಸದೆ ಹೇಳಿದಳು. "ಮದಿವಿ ಮಾಡಿದಾಗ, ಮೊದಲನೇ ಕೂಸು ಹೋದಾಗ, ಪಾತ್ರಿ ತಿಕ್ಕುವಾಗ, ನನಗ ಒಂದ ಇತ್ತು ನೋಡು. ನಾ ಬೇಕಂತ ಮಾಡೀನಿ, ಒಬ್ಬಾಕಿನ್ನ ಉಳಿಸೀನಿ ಅಂತ. ಅದನ್ನೂ ಕಸ್ಗೊಂಡಿ."

ಮಗಳು ಹಿಂದೆ ಬಂದು ನಿಂತಿದ್ದಳು. ಎಷ್ಟು ಕೇಳಿಸಿಕೊಂಡಳೋ. ಅವ್ವ ಎದ್ದು ಅವಳ ರಟ್ಟೆ ಹಿಡಿದು ಬಸ್ಸಿನ ಕಡೆ ನಡೆದಳು. ನಾನು ಕೂಗಿದೆ. ತಿರುಗಿ ನೋಡಲಿಲ್ಲ.

ತಿಂಗಳ ಮೇಲೆ ಮಗಳ ಫೋನ್ ಬಂತು. ನಂಬರು ಅವಳ ಅವ್ವ ಅಡುಗೆ ಮಾಡುವ ಶಾಲೆಯ ಟೀಚರದ್ದು.

"ಅವ್ವ ಕಾಲೇಜ್ ಬಿಡ್ಸ್ಯಾಳರಿ. ನೀವರ ಹೇಳ್ರಿ."

ಮರುದಿನವೇ ರಜೆ ಹಾಕಿ ಹೋದೆ. ಮಕ್ಕಳು ಊಟಕ್ಕೆ ಸಾಲಾಗಿ ಕೂತಿದ್ದರು. ಗೆಳತಿ ಅಡುಗೆ ಕೋಣೆಯ ಬಾಗಿಲಲ್ಲಿ ಸೌಟು ಹಿಡಿದು ನಿಂತೇ ಮಾತಾಡಿದಳು. ಒಳಗೆ ಕರೆಯಲಿಲ್ಲ.

"ಅಕಿ ಏನ ತಪ್ಪು ಮಾಡ್ಯಾಳ?" ಎಂದು ಕೇಳಿದೆ.

"ಏನೂ ಮಾಡಿಲ್ಲ. ನಾ ಏನ ಮಾಡಿದ್ದೆ?" ಎಂದಳು. "ಇಷ್ಟು ದಿನ ನಾ ಧೈರ್ಯದಾಗಿದ್ದೆ. ತಪ್ಪು ಮಾಡಿದ್ರ ಮಾತ್ರ ಕಷ್ಟ ಬರ್ತದ, ಇಲ್ಲಂದ್ರ ನಾವಾಗೇ ಕೈ ಚಾಚಿ ಹಚ್ಚಿಕೊಂಡ್ರ ಬರ್ತದ ಅಂತ. ಈಗ ನೋಡಿದ್ರ ಯಾರೋ ಬರ್ದಾರ, ಯಾರೋ ಮುಚ್ಚಿಟ್ಟಾರ, ಯಾರೋ ಹೇಳ್ಯಾರ. ನನಗ ಕಣ್ಣಿಗೂ ಬಿದ್ದಿಲ್ಲ ಆ ಕಾಗದ. ಆದ್ರೂ ನನ್ನ ಬಾಳೇವು ಹೋತು. ದಿನಾ ಬಸ್ಸಿನಾಗ ಹೋಗಿ ಬರ್ತಾಳ ಇಕಿ, ಹಾದ್ಯಾಗ ನೂರು ಮಂದಿ. ಯಾರು ಯಾವಾಗ ಏನ ಬರೀತಾರ ನನಗೇನ ಗೊತ್ತು?"

"ಈಗ ಕಾಲ ಹಂಗಿಲ್ಲ..."

"ನೀ ಹೇಳಬ್ಯಾಡ." ಆಗ ಮಾತ್ರ ಅವಳ ದನಿ ಗಟ್ಟಿಯಾಯಿತು. "ನಿನ್ನ ಮಾತು ಎರಡು ಸಲ ಕೇಳೀನಿ. ಇನ್ನ ಬರಬ್ಯಾಡ ಇಲ್ಲಿ."

ಮಕ್ಕಳು ತಟ್ಟೆ ಬಡಿಯುತ್ತಿದ್ದರು. ಅವಳು ಅನ್ನ ಬಡಿಸಲು ಹೋದಳು. ನಾನು ಬಿಸಿಲಲ್ಲಿ ಸ್ವಲ್ಪ ಹೊತ್ತು ನಿಂತು ವಾಪಸಾದೆ.

ಪತ್ರಿಕೆಗೆ ಅಂಕಣ ನಿಲ್ಲಿಸುತ್ತೇನೆ ಎಂದು ತಿಳಿಸಿದೆ. ಸಂಪಾದಕರು ಕಾರಣ ಕೇಳಿದರು, ಕಣ್ಣು ನೋವು ಎಂದೆ. ಅದು ತ್ಯಾಗವೇನೂ ಅಲ್ಲ. ಬರೆಯಬೇಕಾದ ಕಡೆ ಬರೆಯದೆ, ಹೇಳಬಾರದ ಕಡೆ ಹೇಳಿದವಳಿಗೆ ಉಳಿದದ್ದು ಅಷ್ಟೇ. ನಿರ್ದೇಶಕ ಮತ್ತೆರಡು ಸಲ ಫೋನ್ ಮಾಡಿದ, ನಾನು ಎತ್ತಲಿಲ್ಲ. ಅವನ ಮೇಲೆ ನನಗೆ ಸಿಟ್ಟಿಲ್ಲ. ಅವನು ತನಗೆ ಕಂಡಷ್ಟನ್ನು ತೋರಿಸಿದ.

ಪಿಯುಸಿ ಪರೀಕ್ಷೆಗೆ ಮೇಲ್ವಿಚಾರಣೆಯ ಕೆಲಸ ಹಾಕುವಾಗ ನಾನೇ ಕೇಳಿ ಮಾನ್ವಿಯ ಕೇಂದ್ರಕ್ಕೆ ಹಾಕಿಸಿಕೊಂಡೆ. ಮಗಳು ಕಾಲೇಜು ಬಿಡುವ ಮುಂಚೆಯೇ ಪರೀಕ್ಷೆಗೆ ಅವಳ ಹೆಸರು ಕಳಿಸಿ ಆಗಿತ್ತು, ಪರೀಕ್ಷೆಗೆ ಬಂದರೂ ಬರಬಹುದು ಎಂದು ಆ ಕಾಲೇಜಿನವರು ಹೇಳಿದ್ದರು. ಕನ್ನಡ ಪತ್ರಿಕೆಯ ದಿನ ಬೇಗ ಹೋಗಿ ಗೋಡೆಗೆ ಅಂಟಿಸಿದ ಪಟ್ಟಿಗಳನ್ನು ಒಂದೊಂದಾಗಿ ಓದಿದೆ. ಅವಳ ಹೆಸರು ಆರನೇ ಕೋಣೆಯಲ್ಲಿತ್ತು. ನನ್ನ ಕೆಲಸ ಎರಡನೇ ಕೋಣೆಯಲ್ಲಿ. ಉತ್ತರಪತ್ರಿಕೆ ಹಂಚಿ, ಎಲ್ಲರ ಹಾಜರಿ ಸಹಿ ಮುಗಿಸಿ, ಜೊತೆಯವರಿಗೆ ಒಂದು ನಿಮಿಷ ನೋಡಿಕೊಳ್ಳಲು ಹೇಳಿ ಆರನೇ ಕೋಣೆಗೆ ಹೋದೆ. ಮಕ್ಕಳೆಲ್ಲ ತಲೆ ಬಗ್ಗಿಸಿ ಬರೆಯುತ್ತಿದ್ದರು. ಕಿಟಕಿಯ ಕಡೆಯ ಸಾಲಿನಲ್ಲಿ ಒಂದು ಬೆಂಚು ಖಾಲಿ ಇತ್ತು. ಬೆಂಚಿನ ಮೂಲೆಯಲ್ಲಿ ಸೀಮೆಸುಣ್ಣದಲ್ಲಿ ಬರೆದ ಅವಳ ನಂಬರು ಇತ್ತು.

"ಅರ್ಧ ತಾಸು ಆತ್ರಿ ಮೇಡಂ," ಎಂದರು ಅಲ್ಲಿನ ಮೇಲ್ವಿಚಾರಕರು. "ಇನ್ನ ಬಂದ್ರೂ ಒಳಗ ಬಿಡಾಕ ಬರಂಗಿಲ್ಲ. ಗೈರುಹಾಜರಿ ಹಾಕ್ತೀನ್ರಿ."

"ಹಾಕ್ರಿ," ಎಂದೆ.